ನಿಶ್ಶಬ್ದ ಸೋಪಾನ ಅರ್ಥಾತ್ ಮೂಕ ಹುಲಿಯ ಮುರಿದ ಮೀಸೆ

ಜನವರಿ ೧೨, ರವಿವಾರ

ಊಟವಾಗಿ ಒಂದಿಷ್ಟು ಅಡ್ಡಾಗಬೇಕೆನ್ನುವಷ್ಟರಲ್ಲಿ ಗೊಬ್ಬರದ ಅಂಗಡಿಯ ಮಲ್ಲಣ್ಣ ಬಂದ. ಈತ ಶಹಾಪುರದ ನಮ್ಮ ಓಣಿಯ ನಾಟ್ಯ ಸಂಘದ ಅಧ್ಯಕ್ಷ ಮತ್ತು ಹದಿನೇಳು ವರ್ಷಗಳಿಂದ ಅದರ ಏಕೈಕ ನಾಯಕನಟ. ವಯಸ್ಸು ಐವತ್ತೆರಡು. ಹೋದ ವರ್ಷ ಕಾಲೇಜು ವಿದ್ಯಾರ್ಥಿಯ ಪಾರ್ಟು ಮಾಡಿದಾಗ ಪುಸ್ತಕ ಹಿಡಿದ ಕೈಗಿಂತ ಹೊಟ್ಟೆ ಮುಂದಿತ್ತು. ಆ ಕುರಿತು ನಾನು ಪತ್ರಿಕೆಗೆ ಬರೆದಿದ್ದೆ.

"ಶಿರಸ್ತೇದಾರ ಸಾಹೇಬ್ರ, ನೀವು ಒಂದು ನಾಟಕ ಬರ್ದೀರಂತಲ್ರಿ?" ಎಂದ.

ಈ ಪ್ರಶ್ನೆಗಾಗಿ ನಲವತ್ತೊಂದು ವರ್ಷ ಕಾದಿದ್ದೇನೆಂದು ಅವನಿಗೆ ತಿಳಿಯಬಾರದು. ಕನ್ನಡಕ ಒರೆಸಿಕೊಂಡು, "ಬರೆದಿರಬಹುದು" ಎಂದೆ.

ಅಡುಗೆಮನೆಯಿಂದ ಮಾನಮ್ಮ ಕೂಗಿದಳು: "ಬರ್ದಾರ. ಟ್ರಂಕಿನ್ಯಾಗ ಅದ. ವರ್ಷಾ ದೀಪಾವಳಿಗೆ ಹೊರಗ ತಗದು ಜಿರಳಿ ಝಾಡಿಸಿ ಮತ್ತ ಒಳಗ ಇಡ್ತೀನಿ."

ಹೆಂಡತಿಯಾದವಳು ಇಷ್ಟು ನಿಖರವಾಗಿ ಸಾಕ್ಷಿ ಹೇಳಬಾರದು. ಕೋರ್ಟಿನಲ್ಲಿ ಮೂವತ್ತಮೂರು ವರ್ಷ ಕೆಲಸ ಮಾಡಿದ ನಾನೇ ಇಂಥ ಸಾಕ್ಷಿಯನ್ನು ಕಂಡಿಲ್ಲ.

'ನಿಶ್ಶಬ್ದ ಸೋಪಾನ'. ಐದು ಅಂಕ, ನೂರ ನಲವತ್ತೆರಡು ಪುಟ. ೧೯೮೬ರಲ್ಲಿ ಸುರಪುರದ ಒಂದು ಸಂಘದವರು ಒಯ್ದು ಎಂಟು ತಿಂಗಳ ನಂತರ ಮರಳಿಸಿದರು. ಒಂಬತ್ತನೇ ಪುಟದ ಮೇಲೆ ಮಿರ್ಚಿ ಭಜಿಯ ಎಣ್ಣೆ ಇತ್ತು, ಅಲ್ಲಿಂದ ಮುಂದೆ ಎಲ್ಲ ಪುಟ ಶುಭ್ರವಾಗಿದ್ದವು. ೧೯೯೪ರಲ್ಲಿ ಯಾದಗಿರಿಯವರು "ಮುಂದಿನ ವರ್ಷ ನೋಡೋಣು" ಎಂದರು. ಹೇಳಿದ ಮೂವರೂ ತೀರಿಕೊಂಡಿದ್ದಾರೆ. ಮುಂದಿನ ವರ್ಷ ಇನ್ನೂ ಬಂದಿಲ್ಲ.

ಮಲ್ಲಣ್ಣನಿಗೆ ಮೂರು ಷರತ್ತು ಹಾಕಿದೆ. ಒಂದಕ್ಷರ ತೆಗೆಯಕೂಡದು. ಒಂದು ಹಾಡೂ ಸೇರಿಸಕೂಡದು. ನಡುವೆ ಆಯೇರಿ ಕೂಡದು. ಈ ಆಯೇರಿ ನಮ್ಮ ಭಾಗದ ರಂಗಭೂಮಿಗೆ ತಗುಲಿದ ರೋಗ. ನಾಯಕ ಗುಂಡೇಟು ತಿಂದು ಸಾಯುತ್ತಿರುತ್ತಾನೆ, ಅವನ ಭಾವಮೈದುನ ಸ್ಟೇಜ್ ಹತ್ತಿ ಟಾವೆಲ್ ಹೊದಿಸಿ ಹಾರ ಹಾಕುತ್ತಾನೆ. ಸಾಯುವವನು ಎದ್ದು ಕೈ ಮುಗಿದು, ಮೈಕಿನಲ್ಲಿ ಭಾವಮೈದುನನ ಹೆಸರು ಹೇಳಿಸಿ, ಮತ್ತೆ ಮಲಗಿ ಸಾಯುತ್ತಾನೆ. ಇದರ ವಿರುದ್ಧ ನಾನು 'ನೊಂದ ಪ್ರೇಕ್ಷಕ' ಎಂಬ ಹೆಸರಿನಲ್ಲಿ ಈವರೆಗೆ ಹನ್ನೊಂದು ಪತ್ರ ಬರೆದಿದ್ದೇನೆ.

"ಆತ್ ಬಿಡ್ರಿ" ಎಂದ ಮಲ್ಲಣ್ಣ. ಇಷ್ಟು ಬೇಗ ಒಪ್ಪಿದವನು ಕೇಳಿಸಿಕೊಂಡಿರಲಾರ.

ಫೆಬ್ರುವರಿ ೨೨ರ ಶನಿವಾರ, ಹಳೆ ಸಂತೆಯ ಬಯಲಿನಲ್ಲಿ ಪ್ರಯೋಗ. ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಎರಡು ಸಲ ವೃತ್ತ ಎಳೆದೆ. ಮೊದಲನೆಯದು ಸರಿಯಾಗಿ ಮೂಡಿರಲಿಲ್ಲ.

ಜನವರಿ ೧೬, ಗುರುವಾರ

ತಾಲೀಮು ಶುರು. ಜಾಗ, ಮಲ್ಲಣ್ಣನ ಗೊಬ್ಬರದ ಗೋದಾಮು. ಯೂರಿಯಾ ಚೀಲಗಳ ನಡುವೆ ಕಲೆ ಅರಳಬೇಕಂತೆ.

ಕಲಿಸುವ ಮಾಸ್ತರ ಬಾಷುಮಿಯಾ. ಎಪ್ಪತ್ತರ ಮನುಷ್ಯ, ಗುರುಮಠಕಲ್‌ನಿಂದ ಕಕ್ಕೇರಾದವರೆಗೆ ಅವರು ಹಾರ್ಮೋನಿಯಂ ಪೇಟಿ ನುಡಿಸಿ ನಾಟಕ ಕಲಿಸದ ಊರಿಲ್ಲ. ನನ್ನ ಹಸ್ತಪ್ರತಿಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಸಾಬ್, ಇದು ಮುಗಿಯೋದ್ರಾಗ ಹೊಲದಾಗ ಹತ್ತಿ ಬಿಡಿಸಿ ಮುಗೀತದ."

"ಗಂಭೀರ ನಾಟಕ, ಮಾಸ್ತರ."

"ಹೌದ್ರಿ, ಭಾರ ಅದ."

ಕಥೆ ಹೇಳಿದೆ. ನಿರಪರಾಧಿಗೆ ಶಿಕ್ಷೆ ಕೊಟ್ಟೆನೆಂಬ ಕೊರಗಿನಿಂದ ನಿವೃತ್ತ ನ್ಯಾಯಾಧೀಶನೊಬ್ಬ ಮೌನವ್ರತ ಹಿಡಿಯುತ್ತಾನೆ. ಎರಡನೇ ಅಂಕದಲ್ಲಿ ಇಪ್ಪತ್ತೈದು ನಿಮಿಷ ಅವನು ಮಾತೇ ಆಡುವುದಿಲ್ಲ. ಐದನೇ ಅಂಕದ ಕೊನೆಗೆ ಒಂದೇ ಒಂದು ಮಾತು ಆಡುತ್ತಾನೆ: "ಮಾತು ಮುಗಿದ ಮೇಲೆ ಉಳಿಯುವುದೇ ನ್ಯಾಯ." ತೆರೆ.

ಮಲ್ಲಣ್ಣನ ಮುಖ ಇಳಿಯಿತು. "ಹೀರೋ ಮಾತಾಡಂಗಿಲ್ಲಂದ್ರ ಮತ್ತೇನ್ ಮಾಡ್ತಾನ್ರಿ?"

"ಯೋಚಿಸುತ್ತಾನೆ."

"ಅದು ಹಿಂದ ಕುಂತವ್ರಿಗೆ ಕಾಣ್ತದೇನ್ರಿ?"

ಬಾಷುಮಿಯಾ ನಡುವೆ ಬಂದರು. "ಸಾಬ್, ನೀವು ಕುರ್ಚಿ ಮ್ಯಾಲ ಕುಂತು ಬರ್ದೀರಿ. ನೋಡೋರು ನೆಲದ ಮ್ಯಾಲ ಕುಂತಿರ್ತಾರ. ನೆಲ ತಣ್ಣಗಾಕ್ಕೋತ ಬರ್ತದ. ಪೂರಾ ತಣ್ಣಗಾಗೋದ್ರಾಗ ಒಂದು ಹಾಡು ಬರ್ಬೇಕು. ಇಲ್ಲಂದ್ರ ಎದ್ದು ಹೋಗ್ತಾರ."

ಐವತ್ತು ವರ್ಷದ ಅನುಭವದಿಂದ ಈ ಮನುಷ್ಯ ಕಲಿತ ಕಲಾಮೀಮಾಂಸೆ ಪ್ರೇಕ್ಷಕರ ಕೆಳಗಿನ ನೆಲದ ಉಷ್ಣತೆಗೆ ಸಂಬಂಧಿಸಿದ್ದು.

ಜನವರಿ ೨೨, ಬುಧವಾರ

ಮೌನದ ಅಂಕದ ತಾಲೀಮು. ಯೋಚಿಸುತ್ತಿರುವ ಮಲ್ಲಣ್ಣ ಬೀಗದ ಕೈ ಕಳೆದುಕೊಂಡವನಂತೆ ಕಾಣುತ್ತಾನೆ. ಗಡಿಯಾರ ಹಿಡಿದು ನೋಡಿದೆ. ಒಂದು ನಿಮಿಷ ಹತ್ತು ಸೆಕೆಂಡ್ ಸುಮ್ಮನಿದ್ದ. ಆಮೇಲೆ ಹೊರಗೆ ಲಾರಿ ಬಂದ ಸದ್ದಾಯಿತು. "ಡಿಎಪಿ ಬಂತೇನಲೇ?" ಎಂದು ಒದರಿದ ನ್ಯಾಯಾಧೀಶ.

ಕೊನೆಗೆ ಒಂದು ಒಪ್ಪಂದ. ನಾಯಕ ಸುಮ್ಮನೇ ಇರುತ್ತಾನೆ, ಆದರೆ ತನ್ನ ಮನಸ್ಸಿನ ಮಾತನ್ನು ತಾನೇ ಗಟ್ಟಿಯಾಗಿ ಆಡಿಕೊಳ್ಳುತ್ತಾನೆ. ಸ್ವಗತವೂ ಮೌನದ ಒಂದು ಬಗೆಯೇ ಎಂದು ಹಿರಿಯ ವಿಮರ್ಶಕರು ಎಲ್ಲೋ ಹೇಳಿರಬೇಕು. ಹೇಳಿರದಿದ್ದರೆ ಹೇಳಬೇಕಿತ್ತು.

ಜನವರಿ ೨೯, ಬುಧವಾರ

ಹಾಡು ಸೇರಿಸಿದ್ದಾರೆ. ನನ್ನನ್ನು ಕೇಳದೆ. ಇನ್ನು ಆ ಗೋದಾಮಿನ ಕಡೆ ತಲೆ ಹಾಕುವುದಿಲ್ಲ.

ಜನವರಿ ೩೦, ಗುರುವಾರ

ಹಾಡಿನ ಎರಡನೇ ಸಾಲಿನಲ್ಲಿ ಪ್ರಾಸ ತಪ್ಪಿತ್ತು. ಸರಿಪಡಿಸಿ ಬರಲು ಹೋಗಿದ್ದೆ. ಹೇಗೂ ಹೋದವನು ಮೂರನೇ ನುಡಿಯನ್ನೂ ಬರೆದುಕೊಟ್ಟೆ. ಬಾಷುಮಿಯಾ ಅದನ್ನು ಹಾಡಿದಾಗ ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿ ಕೇಳಿದರು. ಇದನ್ನು ದಾಖಲೆಗಾಗಿ ಮಾತ್ರ ಬರೆಯುತ್ತಿದ್ದೇನೆ.

ಫೆಬ್ರುವರಿ ೬, ಗುರುವಾರ

ಬಸ್ ನಿಲ್ದಾಣದ ಎದುರು ಬ್ಯಾನರ್ ಕಟ್ಟಿದ್ದಾರೆ. ಹನ್ನೆರಡು ಅಡಿಯ ಮಲ್ಲಣ್ಣ, ಕೈಯಲ್ಲಿ ಬಂದೂಕು. ನನ್ನ ನಾಟಕದಲ್ಲಿ ಬಂದೂಕಿಲ್ಲ. ಕೆಳಗೆ ಅಕ್ಷರ: 'ನಿಶ್ಶಬ್ದ ಸೋಪಾನ ಅರ್ಥಾತ್ ಮೂಕ ಹುಲಿಯ ಮುರಿದ ಮೀಸೆ'.

ನೇರ ಅಂಗಡಿಗೆ ಹೋದೆ. "ಮಲ್ಲಣ್ಣ, ಈ ಮೀಸೆ ಎಲ್ಲಿಂದ ಬಂತು?"

"ಸಾಹೇಬ್ರ, ಅರ್ಥಾತ್ ಇಲ್ಲದ ನಾಟಕಕ್ಕ ನಮ್ಮ ಕಡಿ ಯಾರ್ ಬರ್ತಾರ್ರಿ? ಸೋಪಾನ ಅಂದ್ರ ಮಂದಿ ಸಾಬಾಣದ ಜಾಹೀರಾತು ಅಂತ ತಿಳಕೊಂಡಾರ."

"ಹುಲಿಯ ಮೀಸೆ ಮುರಿಯುವುದು ಹೇಗೆ? ಅದೇನು ಕಟ್ಟಿಗೆಯೇ?"

"ಅದನ್ನ ನೋಡಾಕs ಬರ್ತಾರ್ರಿ ಮಂದಿ."

ನಾಟಕ ಬರೆದ ಕವಿ ಎಂದು ನನ್ನ ಹೆಸರೂ ಇದೆ. ಬಲ ಮೂಲೆಯಲ್ಲಿ, ಜನರೇಟರ್ ಒದಗಿಸಿದವರ ಹೆಸರಿನ ಕೆಳಗೆ. ಕವಿ: ತಾಯಪ್ಪ, ನಿವೃತ್ತ ಶಿರಸ್ತೇದಾರರು. ಸಂಜೆ ಮಾನಮ್ಮನನ್ನು ತರಕಾರಿ ತರುವ ನೆಪದಲ್ಲಿ ಆ ಕಡೆಯಿಂದಲೇ ಕರೆದುಕೊಂಡು ಹೋದೆ. ಅವಳು ಬ್ಯಾನರಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಿದಳು.

ಫೆಬ್ರುವರಿ ೧೧, ಮಂಗಳವಾರ

ನನ್ನ ಜೀವನದ ಅತ್ಯಂತ ಕೆಟ್ಟ ಮಂಗಳವಾರ.

"ನೀವು ಕೋರ್ಟಿನ್ಯಾಗ ಇದ್ದೋರು, ಪರ್ಮಿಷನ್ ನೀವs ತರ್ರಿ" ಎಂದು ಮಲ್ಲಣ್ಣ ನನ್ನನ್ನು ಠಾಣೆಗೆ ಕಳಿಸಿದ. ಅಲ್ಲಿದ್ದವನು ರಾಮಸಮುದ್ರ ಕಡೆಯ ಪೇದೆ ಸಂಜೀವಕುಮಾರ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆಯಂತೆ. ಬಹಳ ಗೌರವದಿಂದ ಕುರ್ಚಿ ಹಾಕಿದ.

"ಆರೂವರಿಗೆ ಶುರು ಮಾಡ್ರಿ. ಹತ್ತಕ್ಕ ಮೈಕ್ ಬಂದ್."

"ಹತ್ತಕ್ಕೆ ಮೂರನೇ ಅಂಕವೂ ಮುಗಿಯುವುದಿಲ್ಲ. ಬೇರೆ ಊರುಗಳಲ್ಲಿ ಬೆಳತನಕ ಬಿಡುತ್ತೀರಿ."

"ಬ್ಯಾರೆ ಊರಾಗ ಯಾರೂ ಅರ್ಜಿ ಕೊಟ್ಟಿಲ್ರಿ. ಈ ಓಣಿದು ಒಂದು ತಕರಾರು ಅರ್ಜಿ ಅದ. ೨೦೧೧ದು. ಬರ್ದಾಂವ ಬಿಟ್ಟಿಲ್ರಿ, ಬೆಂಗಳೂರಿನ ತನಕ ಕಾಪಿ ಹಾಕ್ಯಾನ. ಅವಾಗಿಂದ ಇಲ್ಲಿ ಪ್ರತಿ ಪರ್ಮಿಷನ್ನಿಗೂ ಇದರ ಝೆರಾಕ್ಸ್ ಹಚ್ಚಿ ಕೊಡ್ತೀವಿ."

ಕಾಗದ ತಿರುಗಿಸಿ ನನ್ನ ಮುಂದಿಟ್ಟ. ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು. ಆದರೂ ಕೊನೆಯ ಸಹಿ ಸ್ಪಷ್ಟವಾಗಿತ್ತು. ಸಹಿಯನ್ನು ಓದುವಂತೆ ಹಾಕಬೇಕೆಂದು ನಾನು ಯಾವಾಗಲೂ ಎಲ್ಲರಿಗೂ ಹೇಳುತ್ತಿದ್ದೆ.

ಸಂಜೀವಕುಮಾರ ಸಹಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಸಹಿ ನೋಡಿದ.

"ಚಹಾ ತರಿಸ್ಲೇನ್ರಿ?" ಎಂದ.

"ಯಾರಿಗೂ ಹೇಳಬೇಡಪ್ಪ."

"ಹೇಳಂಗಿಲ್ರಿ. ಆದ್ರ ಹತ್ತಂದ್ರ ಹತ್ತು."

ಗೋದಾಮಿಗೆ ಬಂದು ಸರ್ಕಾರದ ನಿಯಮ ಎಂದಷ್ಟೇ ಹೇಳಿದೆ. ಮಲ್ಲಣ್ಣ ನನ್ನ ಮುಂದೆಯೇ ತೊಡೆ ತಟ್ಟಿದ. "ಯಾವನೋ ಹಿಂದಕ್ಕ ಅರ್ಜಿ ಕೊಟ್ಟಾನ್ರಿ ಸಾಹೇಬ್ರ. ಸಿಕ್ಕನಂದ್ರ ಅಂವನ್ನ ಇದೇ ಯೂರಿಯಾ ಚೀಲದಾಗ ತುಂಬಿ ಬಾಯಿ ಹೊಲೀತೀನಿ. ನೀವೇನಂತೀರಿ?"

"ಹೊಲಿಯಬೇಕಾದ್ದೇ" ಎಂದೆ. ಚೀಲ ಐವತ್ತು ಕೆಜಿಯದು. ನನ್ನ ತೂಕ ಅರವತ್ತೆಂಟು. ಅದೊಂದು ಸಮಾಧಾನ.

ಫೆಬ್ರುವರಿ ೧೪, ಶುಕ್ರವಾರ

ಮೂರನೇ ಅಂಕವನ್ನು ನಾನೇ ತೆಗೆದುಹಾಕಿದೆ. ಮೂವತ್ತೊಂದು ಪುಟ. ಬರೆಯಲು ಒಂದು ಮಳೆಗಾಲ ಹಿಡಿದಿತ್ತು, ತೆಗೆಯಲು ಒಂದು ಬ್ಲೇಡು ಸಾಕಾಯಿತು. ಅದಿಲ್ಲದೆ ನಾಟಕಕ್ಕೆ ಏನೂ ಆಗಲಿಲ್ಲ ಎಂಬುದೇ ನೋವು.

ಆ ಕೊನೆಯ ಒಂದು ಮಾತನ್ನು ಮಾತ್ರ ಕೇಳಬೇಕು. ಹತ್ತಕ್ಕೆ ಮುಂಚೆ, ಮೈಕಿನಲ್ಲಿ, ಊರಿನ ಎದುರು. ಬೇರೇನೂ ಬೇಡ.

ಫೆಬ್ರುವರಿ ೧೮, ಮಂಗಳವಾರ

ರೊಟ್ಟಿ ಬಡಿಯುತ್ತಾ ಮಾನಮ್ಮ ಹೇಳಿದಳು: "ನಿಮ್ಮ ನಾಟಕ ಯಾಕ ತಗೊಂಡಾರ ಗೊತ್ತದೇನ್ರಿ? ಕವಿನೇ ನೀವಾದ್ರ ಪೇಪರಿಗೆ ಬೈದು ಬರಿಯೋರು ಯಾರು? ಅದಕ್ಕs. ನೀರಿನ ನಳದ ಹತ್ರ ಎಲ್ಲಾರೂ ನಕ್ಕೋತ ಹೇಳಾಕತ್ತಾರ."

ಊಟ ಮಾಡಲಿಲ್ಲ. ಎರಡೇ ರೊಟ್ಟಿ.

ಫೆಬ್ರುವರಿ ೧೯, ಬುಧವಾರ

ತಾಲೀಮಿಗೆ ಹೋಗಲಿಲ್ಲ.

ಫೆಬ್ರುವರಿ ೨೦, ಗುರುವಾರ

ಪೆನ್ಸಿಲ್ ಗೋದಾಮಿನಲ್ಲೇ ಉಳಿದಿತ್ತು. ತರಲು ಹೋದೆ.

"ಸಾಬ್, ನಿನ್ನಿ ನೀವು ಬರ್ಲಿಲ್ಲ, ಪೇಟಿ ಮ್ಯಾಲ ಕೈನೇ ಕೂಡ್ಲಿಲ್ಲ" ಎಂದರು ಬಾಷುಮಿಯಾ. "ಮಲ್ಲಣ್ಣ ತಪ್ಪು ಮಾಡ್ತಿದ್ದ, ಯಾರೂ 'ಛೀ' ಅನ್ಲಿಲ್ಲ. ಛೀ ಅನ್ನೋರಿಲ್ಲಂದ್ರ ತಪ್ಪಾತೋ ಸರಿ ಆತೋ ಹೆಂಗ ಗೊತ್ತಾಗ್ಬೇಕು? ಐವತ್ತು ವರ್ಷದಾಗ ನಿಮ್ಮಷ್ಟು ಜೀವಾ ಬಿಟ್ಟು ಛೀ ಅಂದೋರನ್ನ ನಾ ನೋಡಿಲ್ಲ."

ಪೆನ್ಸಿಲ್ ಸಿಗಲು ನಾಲ್ಕು ತಾಸು ಹಿಡಿಯಿತು. ಒಟ್ಟು ಇಪ್ಪತ್ತಾರು ಸಲ ಛೀ ಅಂದೆ.

ಫೆಬ್ರುವರಿ ೨೨, ಶನಿವಾರ, ಸಂಜೆ ನಾಲ್ಕು

ನಾಯಕಿ ಬಂದರು. ಹಣಮಂತಮ್ಮ, ವೃತ್ತಿ ಕಲಾವಿದೆ. ನಮ್ಮ ಕಡೆ ಹೆಣ್ಣು ಪಾರ್ಟಿನವರು ಪ್ರಯೋಗದ ದಿನವೇ ಬಸ್ಸಿಳಿಯುತ್ತಾರೆ. ಐದು ವಾರದ ತಾಲೀಮಿನಲ್ಲಿ ಅವರ ಜಾಗದಲ್ಲಿ ಒಂದು ಚೀಲ ನಿಲ್ಲಿಸಿ ಮಲ್ಲಣ್ಣ ಮಾತಾಡಿದ್ದಾನೆ. ಈಗ ನಿಜವಾದ ಮನುಷ್ಯಳನ್ನು ಕಂಡು ಅವನಿಗೆ ಸ್ವಲ್ಪ ಗಾಬರಿ.

ಪರದೆಯ ಹಿಂದೆ ಅವರು ಬಣ್ಣ ಹಚ್ಚಿಕೊಳ್ಳುವಾಗ ಹೋಗಿ ಕುಳಿತೆ. ಹಸ್ತಪ್ರತಿಯ ನಕಲನ್ನು ತಿಂಗಳ ಹಿಂದೆಯೇ ಅಂಚೆಯಲ್ಲಿ ಕಳಿಸಿದ್ದೆ.

"ಓದಿದಿರಾ?"

"ಪೂರಾ ಓದೀನ್ರಿ ಕವಿಗಳ. ನನಗ ಯಾರೂ ಪೂರಾ ನಾಟಕ ಕಳಸಂಗಿಲ್ಲ. ನಂದಷ್ಟs ಮಾತು ಹಾಳ್ಯಾಗ ಬರದು ಕಳಸ್ತಾರ. ಇಪ್ಪತ್ತಾರು ವರ್ಷ ಆತು, ಎಷ್ಟೋ ನಾಟಕ ಹೆಂಗ ಮುಗೀತಾವ ಅಂತ ನನಗ ಗೊತ್ತಿಲ್ಲ. ನಾಲ್ಕನೇ ಅಂಕದಾಗ ಸಾಯ್ತೀನಿ, ಮುಖ ತೊಳಕೊಂಡು ಬಸ್ ಹಿಡೀತೀನಿ."

"ಹೇಗಿದೆ ನಾಟಕ?"

ಹುಬ್ಬು ತೀಡುವುದನ್ನು ನಿಲ್ಲಿಸಿ ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಉದ್ದ ಅದ. ಆದ್ರ ಇದರಾಗ ಯಾವನೂ ನನ್ನ ಕೂದಲ ಹಿಡದು ಎಳೆಯಂಗಿಲ್ಲ. ಅದು ಚಲೋ ಅದ."

ನಲವತ್ತೊಂದು ವರ್ಷದ ನಂತರ ಬಂದ ಮೊದಲ ವಿಮರ್ಶೆ. ಒಪ್ಪಿಕೊಂಡೆ.

ಮಾತು ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಅಳ್ತೀನ್ರಿ."

"ಅತ್ತ ಮೇಲೂ ನೆನಪಾಗದಿದ್ದರೆ?"

"ಎದುರಿಗಿದ್ದವ್ನಿಗೆ ಒಂದು ಪ್ರಶ್ನಿ ಕೇಳ್ತೀನಿ. ಅಂವ ಕಣ್ಣ್ ಕಣ್ಣ್ ಬಿಡೋದ್ರಾಗ ನನಗ ನೆಪ್ಪಾಗ್ತದ. ಮರ್ತದ್ದು ನಾನು, ಬೈಸ್ಕೊಳ್ಳಾಂವ ಅಂವ." ನಕ್ಕರು. "ನೀವು ಬರಿಯೋರಿಗೆ ಈ ಸವಲತ್ತಿಲ್ಲ ನೋಡ್ರಿ. ಹಾಳಿ ಎದುರಿಗೆ ಯಾರೂ ಇರಂಗಿಲ್ಲ."

ಹೊರಗೆ ಜಮಖಾನ ಹಾಸುತ್ತಿದ್ದಾರೆ. ಮಲಗಿದ ಮನುಷ್ಯನಂತೆ ಕಾಣುವ ಶಹಾಪುರದ ಗುಡ್ಡ ಎಂದಿನಂತೆ ಮಲಗಿದೆ. ನಾನೊಬ್ಬನೇ ಎಚ್ಚರ.

ಫೆಬ್ರುವರಿ ೨೩, ರವಿವಾರ

ಸೊಂಟ ಹಿಡಿದಿದೆ. ಮಲಗಿಕೊಂಡೇ ಬರೆಯುತ್ತಿದ್ದೇನೆ. ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಆರೂವರೆಗೆ ಶುರುವಾಗಬೇಕಾದದ್ದು ಅತಿಥಿಗಳ ಭಾಷಣದಿಂದ ಏಳೂ ಕಾಲಾಯಿತು. ಬಯಲು ತುಂಬಿತ್ತು. ಶಿರವಾಳದಿಂದ ಎರಡು ಟ್ರ್ಯಾಕ್ಟರ್ ಜನ ಬಂದಿದ್ದರು. ನಾನು ಪರದೆಯ ಪಕ್ಕ ಗಡಿಯಾರ, ಹಸ್ತಪ್ರತಿ, ಟಾರ್ಚ್ ಹಿಡಿದು ನಿಂತಿದ್ದೆ.

ಮೊದಲ ಅಂಕದಲ್ಲೇ ನಾಲ್ಕು ಆಯೇರಿ. ತಡೆಯಲು ಹೋದೆ. ನಾಲ್ಕನೆಯವನು ಮಲ್ಲಣ್ಣನ ಮಾವ, ಎಂಬತ್ತೆರಡು ವರ್ಷ, ಮೆಟ್ಟಿಲು ಹತ್ತಲು ನನ್ನದೇ ಕೈ ಹಿಡಿದ. ಹತ್ತಿಸಿದೆ. ಇಳಿಸಿದೆ ಕೂಡ.

ಒಂಬತ್ತೂ ನಲವತ್ತಾದರೂ ಎರಡನೇ ಅಂಕ ಮುಗಿದಿರಲಿಲ್ಲ. ಸ್ವಗತದ ಭರದಲ್ಲಿ ಮಲ್ಲಣ್ಣ ಎರಡೂ ಕೈ ಆಕಾಶಕ್ಕೆ ಎತ್ತಿದ. ನ್ಯಾಯಾಧೀಶರ ಕರಿ ಕೋಟು ಬೆನ್ನಿನ ನಡುವೆ ಕುತ್ತಿಗೆಯಿಂದ ಸೊಂಟದವರೆಗೆ ಹರಿಯಿತು. ಸದ್ದು ಮೈಕಿನಲ್ಲೂ ಕೇಳಿಸಿತು. ಜನ ಸಿಳ್ಳೆ ಹಾಕಿದರು. ಮಲ್ಲಣ್ಣ ಹಿಂದೆ ಹಿಂದೆ ನಡೆದು ಒಳಗೆ ಬಂದ.

ಹೊಲಿಯಬೇಕಾದವನು ಟೇಲರ್ ಹಣಮೇಶ. ಅವನಿಗೇ ಎರಡನೇ ಪೇದೆಯ ಪಾರ್ಟು. ಮೊದಲನೇ ಪೇದೆ ಆಗಲೇ ಹೋಗಿ ಸೆಲ್ಯೂಟ್ ಹೊಡೆದು, ತನ್ನ ಒಂದು ಮಾತು ಹೇಳಿ ಬಂದು ಚಹಾ ಕುಡಿಯುತ್ತಿದ್ದ. ಸ್ಟೇಜಿನ ಮೇಲೆ ಹಣಮಂತಮ್ಮ ಒಬ್ಬರೇ. ಅಳುತ್ತಿದ್ದರು. ಅದು ನನ್ನ ನಾಟಕದಲ್ಲಿಲ್ಲದ ಅಳು. ಮಾತು ಮುಗಿದು ಹೋಗಿತ್ತು ಅವರದು.

"ನೀವs ಹೋಗ್ರಿ ಸಾಹೇಬ್ರ!" ಬಾಯಲ್ಲಿ ದಾರ ಕಚ್ಚಿಕೊಂಡು ಹಣಮೇಶ ನನ್ನ ತಲೆಗೆ ಟೋಪಿ ಹಾಕಿದ, ಸೊಂಟಕ್ಕೆ ಬೆಲ್ಟು ಬಿಗಿದ. "ಒಂದs ಮಾತು. ನೀವs ಬರದದ್ದು."

ಪಟ್ಟೆ ಪೈಜಾಮ, ಬಿಳಿ ಅಂಗಿ, ಪೊಲೀಸ್ ಟೋಪಿ. ಹೀಗೆ ನಾನು ರಂಗಪ್ರವೇಶ ಮಾಡಿದೆ.

ದೀಪ ಕಣ್ಣಿಗೆ ಹೊಡೆಯಿತು. ಆಚೆ ಕತ್ತಲೆ, ಕತ್ತಲೆಯಲ್ಲಿ ಕೆಮ್ಮು. ಹೇಳಬೇಕಾದ ಮಾತು: "ಸಾಹೇಬರು ಒಳಗಿದ್ದಾರೆಯೇ?" ೧೯೮೪ರ ಆಗಸ್ಟಿನಲ್ಲಿ, ನಮ್ಮ ಹಳೆ ಮನೆಯ ಪಡಸಾಲೆಯಲ್ಲಿ ಕುಳಿತು ಬರೆದ ಮಾತು. ಬರೆದ ದಿನ ನೆನಪಾಯಿತು, ಶಾಯಿಯ ಬಣ್ಣ ನೆನಪಾಯಿತು. ಮಾತು ಮಾತ್ರ ನೆನಪಾಗಲಿಲ್ಲ.

ಹಣಮಂತಮ್ಮ ಅಳು ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟರು. "ಏನಪ್ಪಾ ಪೊಲೀಸಪ್ಪ, ಇದೇನು ವೇಷ? ಹಾಸಿಗಿಂದ ಎದ್ದು ಬಂದೀಯೇನು?"

ಜನ ಬಿದ್ದು ಬಿದ್ದು ನಕ್ಕರು. ನಾನು ಕಣ್ಣ್ ಕಣ್ಣ್ ಬಿಟ್ಟೆ.

ಆಗಲೇ ಎಡಗಡೆಯಿಂದ ಇನ್ನೊಬ್ಬ ಪೊಲೀಸ್ ಬಂದ. ಬೂಟು, ಲಾಠಿ, ಇಸ್ತ್ರಿ ಮಾಡಿದ ಖಾಕಿ. ಸಂಜೀವಕುಮಾರ. ಒಂಬತ್ತೂ ಐವತ್ತಾಗಿತ್ತು. ಹತ್ತು ನಿಮಿಷ ಉಳಿದಿದೆ ಎಂದು ಎಚ್ಚರಿಸಲು ಬಂದವನು ಪರದೆಯ ದಾರಿ ತಪ್ಪಿ ನೇರ ಸ್ಟೇಜಿನ ನಡುವೆ ಬಂದಿದ್ದ. "ಅಸಲಿ ಪೊಲೀಸ್ ಇದ್ದಂಗs ಅದಾನಲೇ!" ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು.

"ಹತ್ತಕ್ಕ ಬಂದ್ ಮಾಡ್ರಿ" ಎಂದ ಅವನು, ಕೈಯಲ್ಲಿದ್ದ ಕಾಗದ ತೋರಿಸಿ. "ಅರ್ಜಿ ಅದ."

"ಅರ್ಜಿ?" ಹಣಮಂತಮ್ಮನ ಕಣ್ಣು ಮಿಂಚಿತು. "ನನಗ ಅಕ್ಷರ ಬರಂಗಿಲ್ಲಪ್ಪ. ಗಟ್ಟಿಯಾಗಿ ಓದು. ಊರು ಕೇಳ್ಲಿ."

ನನ್ನ ನಾಟಕ ಪೂರಾ ಓದಿದ ಹೆಣ್ಣುಮಗಳ ಸುಳ್ಳನ್ನು ನಂಬಿ ಆ ಹುಡುಗ ಮೈಕಿನ ಕೆಳಗೆ ನಿಂತು ಓದಿಯೇಬಿಟ್ಟ.

"ಮಾನ್ಯರೇ, ಶಹಾಪುರದ ಖಾಯಂ ನಿವಾಸಿಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಓಣಿಯಲ್ಲಿ ನಾಟಕವೆಂಬ ಹೆಸರಿನಲ್ಲಿ ನಡೆಯುವ ಗದ್ದಲದಿಂದ ನನ್ನ ನಿದ್ದೆ, ನನ್ನ ಹೆಂಡತಿಯ ತಾಳ್ಮೆ ಹಾಗೂ ಪಕ್ಕದ ಮನೆಯ ಎಮ್ಮೆಯ ಹಾಲು, ಈ ಮೂರೂ ಕಡಿಮೆಯಾಗಿವೆ."

ಬಯಲು ನಡುಗುವಂಥ ನಗು. ಬಾಷುಮಿಯಾ ಪೇಟಿಯ ಮೇಲೆ ಒಂದು ಸ್ವರ ಎಳೆದರು.

"ಸದರಿ ಪೇಟಿ ಮಾಸ್ತರನು ಪೇಟಿಯನ್ನು ನುಡಿಸುತ್ತಾನೋ, ಅಥವಾ ಅದರ ಬಾಯಿ ಬಿಡಿಸಲು ಹೊಡೆಯುತ್ತಾನೋ ತಿಳಿಯದು."

ಬಾಷುಮಿಯಾ ಪೇಟಿಯನ್ನು ನಿಜವಾಗಿಯೂ ಹೊಡೆದರು.

"ಸದರಿ ನಾಯಕನಟನು ಎದೆಗೆ ಗುಂಡು ತಗುಲಿದ ಮೇಲೂ ನಲವತ್ತು ನಿಮಿಷ ಮಾತನಾಡುತ್ತಾನೆ. ಇಷ್ಟು ಆರೋಗ್ಯವಂತನಿಗೆ ಗುಂಡು ಹೊಡೆದು ಪ್ರಯೋಜನವಿಲ್ಲ. ಸದರಿ ನಾಯಕಿಯ ಅಳು ಭೀಮಾ ನದಿಯ ಆಚೆ ದಂಡೆಗೂ ಕೇಳಿಸುತ್ತದೆಂದು ಆ ಕಡೆಯ ನಮ್ಮ ಬೀಗರು ತಿಳಿಸಿದ್ದಾರೆ."

"ಹೊಳಿ ದಾಟಿ ಹೋತೇನು ನನ್ನ ಅಳು!" ಎಂದು ಹಣಮಂತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ತಮ್ಮ ಪ್ರಶ್ನೆ ಕೇಳಿದರು. "ಯಾರಪ್ಪ ಇದನ್ನ ಬರ್ದಾಂವ? ಸಹಿ ಯಾರದು?"

ಸಂಜೀವಕುಮಾರ ಕಾಗದ ನೋಡಿದ. ನನ್ನ ಕಡೆ ನೋಡಿದ. ಮಾತು ಕೊಟ್ಟಿದ್ದನಲ್ಲ, ಬಾಯಿ ಮುಚ್ಚಿ ನಿಂತ. ಒಳ್ಳೆಯ ಹುಡುಗ.

ಓಡಿಹೋಗಬಹುದಿತ್ತು. ಪರದೆ ನಾಲ್ಕು ಹೆಜ್ಜೆ ದೂರ. ಆದರೆ ಅವರೆಲ್ಲ ನನ್ನ ಗದ್ಯಕ್ಕೆ ನಗುತ್ತಿದ್ದರು. ಪ್ರತಿ ವಾಕ್ಯಕ್ಕೆ, ನಿಲ್ಲಬೇಕಾದಲ್ಲಿ ನಿಂತು. ಬರೆದವನ ಹೆಸರಿಲ್ಲದೆ ಅದು ಹೋಗುವುದನ್ನು ನೋಡಲಾಗಲಿಲ್ಲ.

"ನಂದು" ಎಂದೆ. ಮೈಕು ಹಿಡಿಯಲಿಲ್ಲವೇನೋ ಎಂದು ಮುಂದೆ ಬಂದು ಮತ್ತೊಮ್ಮೆ ಹೇಳಿದೆ. "ಸಹಿ ನಂದು. ತಾಯಪ್ಪ, ಶಿರಸ್ತೇದಾರ."

ಅಷ್ಟರಲ್ಲಿ ಮಲ್ಲಣ್ಣ ಬಲಗಡೆಯಿಂದ ಒಳಬಂದಿದ್ದ. ಕೋಟು ಅರ್ಧ ಹೊಲಿದಿತ್ತು. ಹಿಂದೆ ದಾರದ ಇನ್ನೊಂದು ತುದಿಗೆ ಸೂಜಿ ಹಿಡಿದ ಹಣಮೇಶ. ಮಲ್ಲಣ್ಣ ನನ್ನನ್ನು ನೋಡಿದ. ಬಾಯಿ ತೆರೆದ. ಮಾತು ಬರಲಿಲ್ಲ. ಹಣಮಂತಮ್ಮ ಸುಮ್ಮನಾದರು, ಪೇಟಿ ಸುಮ್ಮನಾಯಿತು, ಬಯಲು ಸುಮ್ಮನಾಯಿತು. ಕೈಯಲ್ಲಿ ಗಡಿಯಾರವಿತ್ತು. ಅಭ್ಯಾಸಬಲದಿಂದ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡ್. ಅವನು ಯೋಚಿಸುತ್ತಿದ್ದುದು ಟ್ರ್ಯಾಕ್ಟರಿನ ಮೇಲೆ ಕುಳಿತವರಿಗೂ ಕಾಣುತ್ತಿತ್ತು.

ಆಮೇಲೆ ತನ್ನ ಹೆಗಲ ಮೇಲಿದ್ದ ಆಯೇರಿಯ ಟಾವೆಲ್ ತೆಗೆದು ನನ್ನ ಹೆಗಲಿಗೆ ಹಾಕಿದ. ಬಾಷುಮಿಯಾ ಮಂಗಳದ ಸ್ವರ ಹಿಡಿದರು. ತೆರೆ ಬಿದ್ದಾಗ ಒಂಬತ್ತೂ ಐವತ್ತೆಂಟು. ತೆರೆ ಬಿದ್ದ ಮೇಲೂ ಶಿರವಾಳದವರು ಸಂಜೀವಕುಮಾರನಿಗೆ ಮೂರು ಹಾರ ಹಾಕಿದರು.

ಒಳಗೆ ಮಲ್ಲಣ್ಣನಿಗೆ ಕ್ಷಮೆ ಕೇಳಿದೆ. ಚೀಲ ಎಲ್ಲಿದೆ ಎಂದೂ ನೋಡಿಕೊಂಡೆ.

"ನಿಮ್ಮದs ಅಂತ ಊರಿಗೇ ಗೊತ್ತಿತ್ರಿ ಸಾಹೇಬ್ರ" ಎಂದ ಅವನು ಬಣ್ಣ ಒರೆಸಿಕೊಳ್ಳುತ್ತ. "ಹದಿನಾಲ್ಕು ವರ್ಷದಿಂದ ಆ ಝೆರಾಕ್ಸ್ ನಮ್ಮ ಕೈಗೇ ಕೊಡ್ತಾರಲ್ರಿ. ನೀವಾಗೇ ನಂದು ಅಂತೀರಂತ ಗೊತ್ತಿರ್ಲಿಲ್ಲ. ಅದಕ್ಕs ನನ್ನ ಬಾಯಿ ಬಿತ್ತು."

ಹಣಮಂತಮ್ಮ ಮುಖ ತೊಳೆದುಕೊಂಡು ಚೀಲ ಹೆಗಲಿಗೇರಿಸಿದರು. "ಈ ನಾಟಕ ಹೆಂಗ ಮುಗೀತು ಅಂತ ನನಗ ಗೊತ್ತಾತು ನೋಡ್ರಿ ಕವಿಗಳ" ಎಂದು ಹೋದರು.

ಫೆಬ್ರುವರಿ ೨೫, ಮಂಗಳವಾರ

ಹಲ್ಲುಜ್ಜುವಾಗ ನೆನಪಾಯಿತು. ಆ ಕೊನೆಯ ಮಾತನ್ನು ಯಾರೂ ಹೇಳಲೇ ಇಲ್ಲ. ಮಲ್ಲಣ್ಣನ ಅಂಗಡಿಗೆ ಚಹಾಕ್ಕೆ ಹೋದೆ. ಅಲ್ಲಿ ಇದನ್ನು ಹೇಳಬೇಕೆಂದಿದ್ದೆ, ಮರೆತೆ.

ಫೆಬ್ರುವರಿ ೨೮, ಶುಕ್ರವಾರ

ಇಂದಿನ ಪತ್ರಿಕೆಯ ವಾಚಕರ ವಾಣಿಯಲ್ಲಿ ಒಬ್ಬ ಬರೆದಿದ್ದಾನೆ. ಶಹಾಪುರದ ನಾಟಕದಲ್ಲಿ ಕಥೆ ಇರಲಿಲ್ಲ, ಕೋಟು ಹರಿದಿತ್ತು, ಆಯೇರಿಯ ಹಾವಳಿ, ಪೇದೆಯೊಬ್ಬ ಪೈಜಾಮದಲ್ಲಿದ್ದ, ರಂಗಭೂಮಿ ಎತ್ತ ಸಾಗುತ್ತಿದೆ? ಸಹಿ: 'ನೊಂದ ಪ್ರೇಕ್ಷಕ'.

ನನ್ನ ಹೆಸರು! ಕದ್ದಿದ್ದಾನೆ! ಇಂಥ ಜನರಿಗೆ ಬೇರೆ ಕೆಲಸವಿಲ್ಲವೇ? ಐದು ವಾರ ಗೊಬ್ಬರದ ವಾಸನೆಯಲ್ಲಿ ದುಡಿದವರ ಕಷ್ಟ ಕುರ್ಚಿಯಲ್ಲಿ ಕುಳಿತವನಿಗೆ ಏನು ಗೊತ್ತು? ಆಯೇರಿ ಎಂದರೆ ಹಾವಳಿಯಂತೆ. ಎಂಬತ್ತೆರಡರ ಮುದುಕ ಕೈ ಹಿಡಿದು ಮೆಟ್ಟಿಲು ಹತ್ತಿದ್ದನ್ನು ಇವನು ನೋಡಿದ್ದಾನೆಯೇ?

ನಾಲ್ಕು ಪುಟದ ಉತ್ತರ ಬರೆದು ಅಂಚೆಗೆ ಹಾಕಿದೆ. ಸಹಿ: 'ಎರಡನೇ ಪೇದೆ'.

ಮಾರ್ಚ್ ೩, ಸೋಮವಾರ

ಕಕ್ಕೇರಾದಿಂದ ಕರೆ ಬಂದಿದೆ. ಅಲ್ಲಿ ಇದೇ ನಾಟಕ ಬೇಕಂತೆ, ಇದೇ ತಂಡ. ಅರ್ಜಿಯ ಸೀನು ಇರಲೇಬೇಕಂತೆ.

ಗೋದಾಮಿನಲ್ಲಿ ಸಭೆ ಸೇರಿತು. ಸಮಸ್ಯೆ ಒಂದೇ. ಕಕ್ಕೇರಾದಲ್ಲಿ ಯಾರೂ ಅರ್ಜಿ ಕೊಟ್ಟಿಲ್ಲ, ಹಾಗಾಗಿ ಅಲ್ಲಿ ಪೊಲೀಸರು ಬರುವುದಿಲ್ಲ. ನಮ್ಮವರೇ ಯಾರಾದರೂ ವೇಷ ಹಾಕಿದರೆ ಆ ಕಳೆ ಬರುವುದಿಲ್ಲ ಎಂದು ಬಾಷುಮಿಯಾ ಖಂಡಿತವಾಗಿ ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು.

ಮಾನಮ್ಮ ಪಟ್ಟೆ ಪೈಜಾಮವನ್ನು ಒಗೆಯಲು ಒಯ್ಯುತ್ತಿದ್ದಳು. ಕಸಿದುಕೊಂಡು ಟ್ರಂಕಿನಲ್ಲಿಟ್ಟೆ, ಹಸ್ತಪ್ರತಿಯ ಮೇಲೆ. ಆಮೇಲೆ ಕುಳಿತು ಬರೆದೆ.

"ಮಾನ್ಯರೇ, ಬರುವ ಶನಿವಾರ ಕಕ್ಕೇರಾದಲ್ಲಿ ನಡೆಯಲಿರುವ ನಾಟಕದಿಂದ ಆಗಬಹುದಾದ ಗಂಡಾಂತರವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಸದರಿ ನಾಟಕದ ಕವಿಯು ಮೌನದ ಬಗ್ಗೆ ಮೂರು ತಾಸು ಮಾತನಾಡುವ ಮನುಷ್ಯ. ಸದರಿ ನಾಯಕನ ಕೋಟು ಯಾವ ಗಳಿಗೆಯಲ್ಲೂ ಹರಿಯಬಹುದಾದ್ದರಿಂದ ಸಾರ್ವಜನಿಕ ಶಾಂತಿಗೆ ಭಂಗವಿದೆ. ತಾವು ದಯಮಾಡಿ ಒಂಬತ್ತೂ ಐವತ್ತಕ್ಕೆ ಸರಿಯಾಗಿ, ಪೂರ್ಣ ಸಮವಸ್ತ್ರದಲ್ಲಿ, ಎಡಗಡೆಯಿಂದ..."

ಮಾನಮ್ಮನಿಗೆ ಓದಿ ತೋರಿಸಿದೆ. ಕೈಯಲ್ಲಿದ್ದ ಹಿಟ್ಟು ಝಾಡಿಸಿ ನಕ್ಕಳು. ಈ ನಲವತ್ತೊಂದು ವರ್ಷದಲ್ಲಿ ನಾನು ಬರೆದದ್ದಕ್ಕೆ ಅವಳು ನಕ್ಕಿದ್ದು ಇದೇ ಮೊದಲು.

"ಇನ್ನೊಂದೀಟು ಬೈಗುಳ ಇರ್ಲಿ ಬಿಡ್ರಿ. ಎಲ್ಲಾ ಪಾರ್ಟಿನವ್ರಿಗೂ ಒಂದೊಂದು ಹಾಕ್ರಿ, ಇಲ್ಲಂದ್ರ ಬಿಟ್ಟವ್ರು ಸಿಟ್ಟಾಗ್ತಾರ."

ಎಲ್ಲರಿಗೂ ಒಂದೊಂದು ಹಾಕಿದೆ. ಕೊನೆಗೆ ಒಬ್ಬನೇ ಉಳಿದ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ನ್ಯಾಯವಾಗಿ ಬರೆಯಬೇಕಲ್ಲ. ಬರೆದೆ:

"ಎರಡನೇ ಪೇದೆಯ ಪಾತ್ರಧಾರಿಯ ಕುರಿತು ಮಾತ್ರ ಅರ್ಜಿದಾರನ ಯಾವುದೇ ತಕರಾರು ಇರುವುದಿಲ್ಲ."